ಗೈರುಹಾಜರಿಯ ಪ್ರಬಂಧ

ನನಗೆ ಅರ್ಧ ಗಂಟೆಯಲ್ಲಿ ಏನನ್ನೂ ಬರೆಯಲು ಬರುವುದಿಲ್ಲ. ರಜೆ ಅರ್ಜಿಗೆ ಕೂತರೂ ‘ಮಾನ್ಯರೇ’ ಎಂದು ಬರೆದು ಕಿಟಕಿಯಾಚೆ ನೋಡುತ್ತೇನೆ. ಜ್ವರಕ್ಕೆಂದು ರಜೆ ಕೇಳುವ ಅರ್ಜಿ ಮುಗಿಯುವಷ್ಟರಲ್ಲಿ ಜ್ವರವೇ ಬಿಟ್ಟಿರುತ್ತದೆ. ಇಂಥ ನಾನು ಪ್ರತಿ ಬೇಸಿಗೆಯಲ್ಲಿ ಯಾದಗಿರಿಯಿಂದ ಬಸ್ಸು ಹಿಡಿದು ಶಹಾಪುರದ ನಮ್ಮ ಕಾಲೇಜಿಗೆ ಹೋಗಿ, ಅರ್ಧ ಗಂಟೆಯಲ್ಲಿ ಪ್ರಬಂಧ ಬರೆದ ಮಕ್ಕಳಿಗೆ ಅಂಕ ಹಾಕುತ್ತೇನೆ. ಲೋಕದ ನ್ಯಾಯಾಧೀಶರೆಲ್ಲ ಹೀಗೇ ಇರುತ್ತಾರೋ ಏನೋ, ನನಗೆ ಗೊತ್ತಿಲ್ಲ.

ನಮ್ಮಲ್ಲಿ ಹಾಸ್ಟೆಲ್ಲು ಪುಕ್ಕಟೆ. ಹಾಗಾಗಿ ಸೀಟಿಗೆ ನೂಕುನುಗ್ಗಲು. ಬರೀ ಪಿಯುಸಿ ಅಂಕ ನೋಡಿದರೆ ಮಕ್ಕಳ ಬುದ್ಧಿ ತಿಳಿಯುವುದಿಲ್ಲವೆಂದು ಹಿರಿಯರು ಯಾರೋ ಈ ಪ್ರಬಂಧದ ಪರೀಕ್ಷೆ ಇಟ್ಟರು. ಇದರಿಂದ ಏನು ತಿಳಿಯುತ್ತದೆ ಎಂದು ನಾನು ವರ್ಷಾ ವರ್ಷಾ ಕೇಳುತ್ತೇನೆ, ಯಾರೂ ಉತ್ತರ ಕೊಟ್ಟಿಲ್ಲ. ಗಡಿಯಾರ ಎದುರಿಗಿದ್ದರೆ ಮನುಷ್ಯ ಯೋಚಿಸುವುದಿಲ್ಲ, ಒಳಗೆ ತುಂಬಿದ್ದನ್ನು ಕಕ್ಕುತ್ತಾನೆ. ಇದನ್ನು ನಮಗಿಂತ ಮೊದಲೇ ಅರಿತ ಟ್ಯೂಷನ್ನಿನವರು, ಯಾವ ವಿಷಯಕ್ಕೂ ಒಗ್ಗುವ ಒಬ್ಬ ಅಜ್ಜಿಯನ್ನು ತಯಾರಿಸಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಾರೆ. ವಿಷಯ ಪರಿಸರವಾದರೆ ಅಜ್ಜಿ ಬೇವಿನ ಗಿಡದ ಕೆಳಗೆ ಸಾಯುತ್ತಾಳೆ, ವಿಜ್ಞಾನವಾದರೆ ಆಸ್ಪತ್ರೆಯಲ್ಲಿ. ಸಾಯುವ ಮುಂಚೆ ತಪ್ಪದೆ ನೀರು ಕೇಳುತ್ತಾಳೆ.

ಮೊದಮೊದಲು ನಗು ಬರುತ್ತಿತ್ತು, ಈಗ ಬರುವುದಿಲ್ಲ. ನಮ್ಮ ಕಡೆಯ ಮೇ ತಿಂಗಳ ಮಧ್ಯಾಹ್ನವನ್ನು ನೀವು ಕಂಡಿರದಿದ್ದರೆ ಹೇಳುತ್ತೇನೆ ಕೇಳಿ. ಬೇರೆ ಸೀಮೆಯವರು ದೆವ್ವಕ್ಕೆ ರಾತ್ರಿ ಬಿಟ್ಟುಕೊಟ್ಟಿದ್ದಾರೆ. ನಮ್ಮಲ್ಲಿ ಅದರ ಪಾಳಿ ಮಧ್ಯಾಹ್ನದ್ದು. ರಸ್ತೆ ಬಿಕೋ ಎನ್ನುತ್ತದೆ, ನಾಯಿ ಕೂಡ ಬೊಗಳುವುದಿಲ್ಲ, ನೆರಳು ನಮ್ಮದೇ ಕಾಲ ಕೆಳಗೆ ಹೊಕ್ಕು ಅಡಗುತ್ತದೆ. ಅಂಥ ಹೊತ್ತಿನಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಕೂತು, ಒಂದೇ ಮುದುಕಿ ಬೇರೆ ಬೇರೆ ಕೈಬರಹದಲ್ಲಿ ಮತ್ತೆ ಮತ್ತೆ ಸಾಯುವುದನ್ನು ಓದಿ ನೋಡಿ. ಎದುರಿನ ಖಾಲಿ ಕುರ್ಚಿಯ ಕಡೆ ನೋಡಲು ಧೈರ್ಯ ಸಾಲದೆ, ಒಮ್ಮೆ ನನ್ನ ನೀರಿನ ಲೋಟವನ್ನು ಆ ಕಡೆ ಸರಿಸಿಟ್ಟಿದ್ದೇನೆ. ಎಂ.ಎ. ಓದಿದ್ದು ಅಂಥ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ.

ಈ ಸಲ ಮುದುಕಿಯ ಕಾಟ ತಪ್ಪಲೆಂದು ನಾನೇ ‘ನಮ್ಮ ಮನೆಯ ಬಾಗಿಲು’ ಎಂಬ ವಿಷಯ ಕೊಟ್ಟೆ. ಆಕೆ ಬಾಗಿಲಿಂದಲೇ ಒಳಗೆ ಬಂದಳು ಅನ್ನಿ. ಆದರೆ ಒಂದು ಹಾಳೆಯಲ್ಲಿ ಇರಲಿಲ್ಲ. ಅದರಲ್ಲಿ ಹೀಗಿತ್ತು: ‘ಮಧ್ಯಾಹ್ನ ನಮ್ಮ ಬಾಗಿಲು ಹಾಕಿರುತ್ತದೆ. ಹೊರಗಿನಿಂದ ಯಾರೋ ಅವ್ವನ ಹೆಸರು ಹಿಡಿದು ಕರೆಯುತ್ತಾರೆ. ಒಂದನೇ ಕರೆಗೆ ಅವ್ವ ಓ ಅನ್ನುವುದಿಲ್ಲ. ಎರಡನೇ ಕರೆಗೂ ಇಲ್ಲ. ಮನುಷ್ಯರಾದರೆ ಮೂರನೇ ಸಲ ಕರೆಯುತ್ತಾರೆ. ಅದಾದರೆ ಒಂದೆರಡು ಸಲ ಕರೆದು ಹೋಗುತ್ತದೆ.’ ‘ಅದು’ ಯಾವುದೆಂದು ಬರೆದಿರಲಿಲ್ಲ. ಈ ಸೀಮೆಯವಳಾದ ನನಗೆ ಬರೆದು ತಿಳಿಸುವ ಅಗತ್ಯವೂ ಇರಲಿಲ್ಲ. ಕೊನೆಗೆ, ‘ಒಂದು ದಿನ ಮೂರನೇ ಕರೆಯೂ ಬಂತು. ಅವ್ವ ಅಗಳಿ ತೆಗೆದಳು. ಹೊರಗೆ’

ಅಷ್ಟೇ. ಅಲ್ಲಿಗೆ ಗಂಟೆ ಬಾರಿಸಿತ್ತು. ಅರ್ಧ ಗಂಟೆಯ ಪರೀಕ್ಷೆಯ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಅಂಕ ಹಾಕಿ, ಹಾಳೆಯನ್ನು ನಮ್ಮ ಕಚೇರಿಯ ಸೂಪರಿಂಟೆಂಡೆಂಟ್ ಸಿದ್ಧಲಿಂಗಪ್ಪನವರ ಮೇಜಿಗೆ ಒಯ್ದೆ. ಅವರು ನಂಬರು ಹುಡುಕಿ, ಹಾಜರಿ ನೋಡಿ, ಮತ್ತೊಮ್ಮೆ ನೋಡಿದರು.

“ಈಕಿ ಪರೀಕ್ಷಾಕ ಬಂದೇ ಇಲ್ರಿ ಮೇಡಂ,” ಎಂದರು.

ಕರೆಂಟು ಹೋಗಿ ಫ್ಯಾನು ನಿಂತಿತ್ತು. ಗಾಳಿಯ ಸುಳಿವೇ ಇಲ್ಲದ ಆ ಕೋಣೆಯಲ್ಲಿ ಹಾಳೆಯ ಒಂದು ಮೂಲೆ ತಾನಾಗಿ ಮೇಲೆದ್ದು ಮಲಗಿತು. ಸಿದ್ಧಲಿಂಗಪ್ಪನವರು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ನನಗೂ ಹೆದರಿಕೆಯಾಯಿತು, ಮುಚ್ಚಿಡುವುದೇನು.

ಹೆಸರು ಭೀಮಬಾಯಿ, ಊರು ಕಕ್ಕೇರಾ. ಗೈರುಹಾಜರಾದವರಿಗೆ ಸೀಟಿಲ್ಲ, ಸಂಜೆಯೇ ಆಯ್ಕೆ ಪಟ್ಟಿ ಹಚ್ಚಬೇಕು. ಬರೆದವಳು ನಿಜವಾಗಿ ಇದ್ದರೆ ಅವಳ ಓದು ಇವತ್ತಿಗೆ ಮುಗಿದ ಹಾಗೆ. ಪುಕ್ಕಟೆ ಹಾಸ್ಟೆಲ್ಲಿಗೆ ಅರ್ಜಿ ಹಾಕಿದ ಮಕ್ಕಳಿಗೆ ಇನ್ನೊಂದು ಕಾಲೇಜು ಇರುವುದಿಲ್ಲ. ಹಾಜರಿ ಹೇಗೆ ತೆಗೆದುಕೊಂಡಿರಿ ಎಂದು ಕೇಳಿದೆ. ಒಳಗೆ ಧಗೆಯೆಂದು ವರಾಂಡದಲ್ಲೇ ನಿಂತು ಹೆಸರು ಕೂಗಿದರಂತೆ. ಬಿಸಿಗಾಳಿ ಒಳಗೆ ಬಾರದಿರಲೆಂದು ಬಾಗಿಲು ಮುಂದಕ್ಕೆ ಎಳೆದಿತ್ತಂತೆ. ಆಮೇಲೆ ಹಾಳೆಯ ಕಟ್ಟನ್ನು ಮುಂದಿನ ಬೆಂಚಿಗೆ ಕೊಟ್ಟು ಹಿಂದಕ್ಕೆ ದಾಟಿಸಲು ಹೇಳಿದರು, ಗಂಟೆಯಾದಾಗ ಮುಂದಕ್ಕೆ ದಾಟಿಸಲು ಹೇಳಿದರು. ಮುಖ ನೋಡುವ ಪದ್ಧತಿ ನಮ್ಮ ಪರೀಕ್ಷೆಯಲ್ಲಿ ಇಲ್ಲ.

“ಎಷ್ಟು ಸಲ ಕರದ್ರಿ?”

“ಒಂದು ಸಲ. ಅಷ್ಟು ಮಂದಿನ್ನ ಎರಡೆರಡು ಸಲ ಯಾರು ಕರೀತಾರ್ರಿ?”

ಪಟ್ಟಿಗೆ ಕಾಯುವವರು ವರಾಂಡದ ಉದ್ದಕ್ಕೂ ಕೂತಿದ್ದರು. ನಾನು ಬಾಗಿಲಿಗೆ ಬಂದು ಭೀಮಬಾಯಿ ಎಂದು ಕರೆದೆ. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಕರೆದೆ. ಮೂರನೇ ಸಲ ಜೋರಾಗಿಯೇ ಕರೆದೆ. ಆ ಹಾಳೆಯ ಲೆಕ್ಕದಲ್ಲೇ ಈಗ ಉತ್ತರ ಬರಬೇಕಿತ್ತು, ಬರಲಿಲ್ಲ. ನಾನು ಹಟಮಾರಿಯಾಗಿ ಹುಟ್ಟಿರದಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಹಟಕ್ಕೆ ಮತ್ತೊಂದು ಸಲ ಕರೆದೆ.

“ಓ ರೀ,” ಎಂದು ಕಂಬದ ಹಿಂದಿನಿಂದ ಒಬ್ಬ ಹುಡುಗಿ ಎದ್ದಳು. ಪಕ್ಕದಲ್ಲಿ ಅವಳ ತಾಯಿಯೂ ಎದ್ದು ಸೆರಗು ಸರಿಮಾಡಿಕೊಂಡಳು.

ಪ್ರಿನ್ಸಿಪಾಲರ ಎದುರು ಅವಳಿಂದ ಎರಡು ಸಾಲು ಬರೆಸಿದೆವು, ಅದೇ ಅಕ್ಷರ. ಹಾಜರಿಗೆ ಓ ಅನ್ನಲು ಏನಾಗಿತ್ತು ಎಂದು ಸಿದ್ಧಲಿಂಗಪ್ಪನವರು ಗದರಿದರು. ಹುಡುಗಿ ತಲೆ ತಗ್ಗಿಸಿದಳು, ಆದರೆ ದನಿ ತಗ್ಗಿಸಲಿಲ್ಲ.

“ಮಧ್ಯಾಹ್ನ ಇತ್ರಿ. ನೀವು ಹೊರಗಿಂದ ಕರದ್ರಿ, ಮುಖ ಕಾಣಲಿಲ್ಲ. ಇನ್ನೊಂದು ಸಲ ಕರೀತೀರಿ ಅಂತ ಕಾದ್ನಿ. ಕರೀಲಿಲ್ಲ. ಹಂಗಾದ್ರ ಅದು ನೀವಲ್ಲ ಅಂತ ತಿಳಕೊಂಡ್ನಿರಿ.”

ಸಿದ್ಧಲಿಂಗಪ್ಪನವರು ತಮ್ಮ ಮನೆಯಲ್ಲೂ ಮಧ್ಯಾಹ್ನ ಯಾರೂ ಒಂದೇ ಕರೆಗೆ ಓ ಅನ್ನುವುದಿಲ್ಲವೆಂದು, ಕಾಲೇಜಿನಲ್ಲಿ ಅದು ನೆನಪಾಗಲಿಲ್ಲವೆಂದು ಗೊಣಗುತ್ತ ಮುಖ ಒರೆಸಿಕೊಂಡರು. ಪ್ರಿನ್ಸಿಪಾಲರು ಕಾನೂನಿನ ಮನುಷ್ಯ; ಆದರೂ ಗೈರುಹಾಜರಿಯನ್ನು ಹೊಡೆದುಹಾಕಿ ಸಹಿ ಮಾಡಿದರು. ಭೀಮಬಾಯಿಯ ಹೆಸರು ಪಟ್ಟಿಗೆ ಸೇರಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಈ ಪರೀಕ್ಷೆಯಿಂದ ಏನು ತಿಳಿಯುತ್ತದೆ ಎಂಬುದಕ್ಕೆ ಉತ್ತರವೂ ಸ್ವಲ್ಪ ಹೊಳೆಯಿತು: ಅರ್ಧ ಗಂಟೆಯಲ್ಲಿ ಅವಳ ಬುದ್ಧಿ ಎಷ್ಟು ಎಂದು ಪೂರ್ತಿ ತಿಳಿಯದಿದ್ದರೂ, ಎರಡನೇ ಸಲ ಕರೆಯುವಷ್ಟು ಪುರುಸೊತ್ತು ನಮಗಿಲ್ಲ ಎಂಬುದಂತೂ ಚೆನ್ನಾಗಿ ತಿಳಿಯುತ್ತದೆ.

ಹೊರಟ ಹುಡುಗಿಯನ್ನು ಮೆಟ್ಟಿಲ ಹತ್ತಿರ ತಡೆದು, ಅವ್ವ ಅಗಳಿ ತೆಗೆದಾಗ ಹೊರಗೆ ಯಾರಿದ್ದರು ಎಂದು ಕೇಳಿದೆ. ಅವಳು ತಾಯಿಯ ಮುಖ ನೋಡಿದಳು. ತಾಯಿ ಬೇರೆ ಕಡೆ ನೋಡಿದಳು.

“ಯಾರೂ ಇರಲಿಲ್ರಿ,” ಎಂದಳು ಹುಡುಗಿ. “ಅವತ್ತಿಂದ ನಮ್ಮ ಮನ್ಯಾಗ ನಾಕನೇ ಕರಿಗೇ ಓ ಅಂತೀವ್ರಿ.”

ಮುಂದಿನ ವರ್ಷದಿಂದ ಪ್ರತಿ ಹೆಸರನ್ನೂ ಒಳಗೆ ನಿಂತು ಮೂರು ಸಲ ಕರೆಯತಕ್ಕದ್ದೆಂದು ಪ್ರಿನ್ಸಿಪಾಲರು ಆಗಲೇ ಆದೇಶ ಬರೆಸುತ್ತಿದ್ದರು. ನಾನು ವಾಪಸ್ಸು ಒಳಗೆ ಹೋಗಿ, ಅದನ್ನು ನಾಲ್ಕು ಮಾಡಿ ಎಂದೆ.