ಲಿಂಬೆ ಪರಿಮಳದ ಮೀನುಸಾರು

ನೆಲ ಒರೆಸುವ ಫಿನಾಯಿಲಿನಲ್ಲಿ ಯಾವ ಪರಿಮಳ ಶ್ರೇಷ್ಠವೆಂಬ ವಿಷಯದಲ್ಲಿ ನನಗೆ ಸ್ಥಿರವಾದ ಅಭಿಪ್ರಾಯವಿದೆ. ಮಲ್ಲಿಗೆಯದು ಹಾಕಿದರೆ ಮನೆ ಮದುವೆ ಛತ್ರದ ಹಿಂಬಾಗಿಲಿನಂತೆ ನಾರುತ್ತದೆ, ಗುಲಾಬಿಯದು ಆಸ್ಪತ್ರೆಯ ವಾರ್ಡನ್ನು ನೆನಪಿಸುತ್ತದೆ. ಲಿಂಬೆಯದೊಂದೇ ಸಭ್ಯ, ಮಿತಭಾಷಿ, ನನ್ನಂತೆಯೇ ಕಾನ್ವೆಂಟಿನಲ್ಲಿ ಓದಿದಂಥದ್ದು. ಆ ದಿನ ಬೆಳಿಗ್ಗೆಯೂ ಕಾಫಿ ಲೋಟಗಳನ್ನು ಬೋರಲು ಹಾಕಿ, ಅತ್ತೆಯವರಿಗೆ ಮಾತ್ರೆ ಕೊಟ್ಟು, ಕಡಲಿನ ಕಡೆಯಿಂದ ಕಪ್ಪಗೆ ಏರಿ ಬರುತ್ತಿದ್ದ ಮೋಡವನ್ನು ಕಂಡವಳೇ ಕಾರು ನಿಲ್ಲಿಸುವ ಅಂಗಳಕ್ಕೆ ಲಿಂಬೆಯ ಬಾಟಲಿಯನ್ನು ಉದಾರವಾಗಿ ಬಗ್ಗಿಸಿ ಉಜ್ಜಿದೆ. ತೊಳೆಯಲಿಲ್ಲ. ತೊಳೆಯಲು ಮಳೆ ಬರುವುದಿತ್ತಲ್ಲ.

ಇದು ಕುಂದಾಪುರದ ನಮ್ಮ ಓಣಿಯ ಅಲಿಖಿತ ಪಂಚಾಂಗ. ಮಳೆಗಾಲದ ಮೊದಲ ಮೋಡ ಕಂಡೊಡನೆ ನಮಗೆಲ್ಲ ಏಕಕಾಲಕ್ಕೆ ಶುಚಿತ್ವದ ಜ್ಞಾನೋದಯವಾಗುತ್ತದೆ. ಪಕ್ಕದ ಮನೆಯ ಶಾರದಕ್ಕ ಬೇಸಿಗೆಯಿಡೀ ಹಿತ್ತಲಲ್ಲಿ ಜೋಪಾನ ಮಾಡಿದ ಕಸವನ್ನು ರಸ್ತೆ ಬದಿಯ ಮಳೆನೀರಿನ ತೋಡಿನ ಅಂಚಿಗೆ ಗುಡಿಸಿ ತಂದು ಸಾಲಾಗಿ ನಿಲ್ಲಿಸುತ್ತಾರೆ, ಬಸ್ಸು ಕಾಯುವ ಪ್ರಯಾಣಿಕರಂತೆ. ತಿರುವಿನ ಗ್ಯಾರೇಜಿನವರು ಎಣ್ಣೆಯ ಡಬ್ಬಗಳನ್ನು ಮಗುಚುತ್ತಾರೆ. ಉಳಿದದ್ದೆಲ್ಲ ವರುಣದೇವನ ಜವಾಬ್ದಾರಿ. ಸಂಬಳ ಕೇಳದೆ, ಚಹಾಕ್ಕೆ ಕಾಯದೆ ದುಡಿಯುವ ಕೆಲಸದವನೆಂದು ಈ ಕಾಲದಲ್ಲಿ ಉಳಿದಿರುವುದು ಅವನೊಬ್ಬನೇ. ನೀರು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತದೆ. ಎಲ್ಲಿಗೆ ಎಂದು ವಿಚಾರಿಸುವುದು, ಗೇಟಿನವರೆಗೆ ಬೀಳ್ಕೊಟ್ಟ ನೆಂಟರನ್ನು ಅವರ ಮನೆಯವರೆಗೂ ಹಿಂಬಾಲಿಸಿದ ಹಾಗೆ, ಸಂಸ್ಕಾರವಂತರಿಗೆ ಶೋಭಿಸದು.

ವಿಚಾರಿಸಬೇಕಾಗಿಯೂ ಇಲ್ಲ, ತೋಡು ನೇರವಾಗಿ ಹೊಳೆಗೇ ಹೋಗುತ್ತದೆ. ಐದು ನದಿಗಳು ಕೂಡಿ ಪಂಚಗಂಗಾವಳಿಯಾಯಿತೆಂದು ಊರಿಗೆ ಬಂದವರಿಗೆಲ್ಲ ಸೇತುವೆಯ ಮೇಲೆ ನಿಂತು ಹೆಮ್ಮೆಯಿಂದ ತೋರಿಸುವ ನಾವು, ಆರನೆಯದಾಗಿ ಸದ್ದಿಲ್ಲದೆ ಸಂಗಮಿಸುವ ನಮ್ಮ ಓಣಿಯ ಉಪನದಿಯ ಹೆಸರನ್ನು ಮಾತ್ರ ವಿನಯದಿಂದ ಮುಚ್ಚಿಡುತ್ತೇವೆ.

ಹಾಗೆಂದು ನಮಗೆ ತಿಳಿವಳಿಕೆ ಇಲ್ಲವೆಂದು ನೀವು ಭಾವಿಸಬಾರದು. ಶಾಲೆಯಲ್ಲಿ ನದಿ ಮಾಲಿನ್ಯದ ಕುರಿತು ಪ್ರಬಂಧ ಬರೆದು ಸಿಸ್ಟರ್ ಕೈಯಿಂದ ಸೋಪಿನ ಡಬ್ಬಿಯ ಬಹುಮಾನ ಪಡೆದವಳು ನಾನು. ಅದರಲ್ಲಿ ದೊಡ್ಡ ಕಾರ್ಖಾನೆಯೊಂದು ಕಪ್ಪು ಹೊಗೆ ಉಗುಳುತ್ತಿತ್ತು, ದಪ್ಪ ಕೊಳವೆಯಿಂದ ವಿಷ ಸುರಿಯುತ್ತಿತ್ತು. ಅಂಥ ಕಾರ್ಖಾನೆಯನ್ನು ನಾನಾಗಲಿ ಸಿಸ್ಟರ್ ಆಗಲಿ ಕಣ್ಣಾರೆ ಕಂಡಿರಲಿಲ್ಲವೆಂಬುದು ಬೇರೆ ಮಾತು. ಕಳೆದ ಬೇಸಿಗೆಯ ‘ನದಿ ಉಳಿಸಿ’ ಜಾಥಾದಲ್ಲೂ ಶಾರದಕ್ಕ ಮತ್ತು ನಾನು ಬಿಳಿ ಟೋಪಿ ಧರಿಸಿ ಮುಂದಿನ ಸಾಲಿನಲ್ಲೇ ನಡೆದೆವು. ಕೊಳಕೆಲ್ಲ ಮೇಲಿನಿಂದ ಬರುತ್ತದೆ ಎಂದು ಅಲ್ಲಿ ಸರ್ವಾನುಮತದ ತೀರ್ಮಾನವಾಯಿತು. ಮೇಲೆ ಎಂದರೆ ನಮಗೆ ಹೊಳೆಯ ಮೇಲ್ಭಾಗದ ಬಸ್ರೂರು. ಬಸ್ರೂರಿನವರಿಗೆ ಅವರಿಗಿಂತ ಮೇಲಿನವರು ಇದ್ದೇ ಇರುತ್ತಾರೆ. ಹೀಗೆ ಅಪರಾಧಿಯನ್ನು ಹುಡುಕುತ್ತ ಹತ್ತಿದರೆ ಕೊನೆಗೆ ಘಟ್ಟದ ತುದಿಯಲ್ಲಿ ಕುಳಿತ ಒಂದು ಬಡ ಮೋಡ ಸಿಕ್ಕಿಬೀಳಬಹುದು.

ಇಷ್ಟರಲ್ಲಿ ನಾನು ಅತ್ತೆಯವರ ವಿಷಯ ಹೇಳಬೇಕಿತ್ತು. ಬೇಸಿಗೆಯಲ್ಲಿ ಬಂದ ಜ್ವರವೊಂದು ಹೋಗುವಾಗ ಅವರ ನಾಲಗೆಯ ರುಚಿಯನ್ನೂ ಜತೆಗೆ ಕೊಂಡುಹೋಗಿತ್ತು. ಅನ್ನ ಕಂಡರೆ ಮುಖ ತಿರುಗಿಸುವರು. ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದರು. ಅವರು ಬಾಯಿಬಿಟ್ಟು ಕೇಳಿದ್ದು ಒಂದನ್ನೇ. "ಹತ್‌ಮೀನ್ ಬರ್ಲಿ ಹೆಣೆ. ಅದ್ರ್ ಸಾರಾರೆ ಒಂದ್ ತುತ್ತ್ ಇಳಿತಿತ್ತ್ ಕಾಣ್." ಮೊದಲ ಜಡಿಮಳೆಗೆ ಹೊಳೆಯ ಮೀನುಗಳು ಮೊಟ್ಟೆಯಿಡಲೆಂದು ಪ್ರವಾಹಕ್ಕೆ ಎದುರಾಗಿ ತೋಡು, ಗದ್ದೆಗಳಿಗೆ ಹತ್ತಿ ಬರುತ್ತವೆ, ಅವೇ ಹತ್ತುಮೀನು. ಬಾಣಂತನಕ್ಕೆ ಬರುವ ಅವುಗಳನ್ನು ನಾವು ಬುಟ್ಟಿ ಹಿಡಿದು ಸ್ವಾಗತಿಸುತ್ತೇವೆ.

ಮಧ್ಯಾಹ್ನದ ಹೊತ್ತಿಗೆ ಮಳೆ ಜಡಿಯಿತು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಯಜಮಾನರು ಲುಂಗಿ ಎತ್ತಿ ಕಟ್ಟಿ, ಗೇಟಿನೆದುರಿನ ತೋಡಿಗೇ ಇಳಿದು ಕೂಗಿದರು. "ಹ್ವಾಯ್, ಬುಟ್ಟಿ ತಕಂಡ್ ಬಾ. ಅಮ್ಮನ್ ಮೀನ್ ಬಂತ್." ಮೀಸೆಯ ಮೀನು, ಕರಿಮುಗುಡು. ಎಂದಿನಂತೆ ಜಾರಿ, ನುಣುಚಿ, ಮುಳ್ಳಿನಿಂದ ಚುಚ್ಚಿ ಮಾನ ಕಳೆಯುವ ಬದಲು ಈ ಸಲ ಅವು ತೇಲುಗಣ್ಣು ಬಿಟ್ಟುಕೊಂಡು ವಿಧೇಯವಾಗಿ ಕೈಗೆ ಬಂದವು. "ಕಂಡ್ಯಾ, ಕೈ ಪಳಗಿತ್ ಈಗ" ಎಂದು ಯಜಮಾನರು ಎದೆಯುಬ್ಬಿಸಿದರು. ಅವರ ಕೈ ಪಳಗಿದ್ದಲ್ಲ, ಮೀನಿಗೆ ತಲೆ ತಿರುಗಿದ್ದು ಎಂಬ ಅನುಮಾನ ನನ್ನಲ್ಲಿ ಸುಳಿದರೂ ಗೃಹಶಾಂತಿಯ ದೃಷ್ಟಿಯಿಂದ ಬುಟ್ಟಿಯನ್ನು ಮುಂದೆ ಹಿಡಿದೆ.

ಕೊತ್ತಂಬರಿ, ಒಣಮೆಣಸು ಹುರಿದು, ಕಾಯಿ ಅರೆದು, ಹುಳಿಗೆ ಪುನರ್ಪುಳಿ ಹಾಕಿ ಸಾರು ಕುದಿಸಿದೆ. ಕುದಿ ಬಂದಂತೆ ಏನೋ ಪರಿಚಿತ ಸುವಾಸನೆ. ನನ್ನ ಕೈಯದೇ ಇರಬೇಕೆಂದು ಎರಡೆರಡು ಸಲ ಕೈ ತೊಳೆದುಕೊಂಡೆ. ಆ ನೀರೂ ಯಥಾಪ್ರಕಾರ ತೋಡಿಗೆ ಹೋಯಿತು.

ಅತ್ತೆ ಯಾರೂ ಕರೆಯದೆಯೇ ಬಂದು ಕೂತರು. ಇನ್ನೂ ಒಂದು ಸೌಟು ಬಡಿಸೆಂದು ಬಟ್ಟಲು ಮುಂದೆ ಮಾಡಿದರು. ಎಷ್ಟು ದಿನಗಳ ಮೇಲೋ ಅವರ ಕೈ ಅವಸರದಿಂದ ಬಾಯಿಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು.

"ಎಂತ ಹೆಣೆ, ಮೀನನ್ನ್ ಸೋಪ್ ಹಾಕಿ ತೊಳ್ದ್ಯಾ?"

"ನಿಂಗೆ ಜ್ವರದ್ ಬಾಯಿ ಅಮ್ಮ, ರುಚಿ ತಿಳಿತಿಲ್ಲೆ" ಎಂದ ಯಜಮಾನರು ತಾವೂ ಒಂದು ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿ, ನೀರಿನ ಲೋಟಕ್ಕೆ ಕೈ ಚಾಚಿದರು.

"ರುಚಿ ಬಂತ್ ಮಗಾ" ಎಂದರು ಅತ್ತೆ. "ಬಂದದ್ದೇ ತಪ್ಪಾಯ್ತ್." ಬಟ್ಟಲನ್ನು ಮೆಲ್ಲಗೆ ದೂರ ಸರಿಸಿ, ಗಂಜಿಯ ತಿಳಿಯನ್ನಷ್ಟೇ ಕುಡಿದು, ಬಳೆಯನ್ನು ಮಣಿಕಟ್ಟಿಗೆ ಇಳಿಸಿಕೊಳ್ಳುತ್ತ ಎದ್ದರು. "ಇರ್ಲಿ ಬಿಡ್. ಬಪ್ಪ ವರ್ಷ ಕಾಂಬ."

ಬಪ್ಪ ವರ್ಷ, ಎಂದರೆ ಮುಂದಿನ ಮಳೆಗಾಲ. ಕಾರ್ಖಾನೆಯ ಮೇಲೆ ಬರೆದು ಬಹುಮಾನ ಗೆದ್ದ ನಾನು ಅವರು ಸರಿಸಿದ ಬಟ್ಟಲನ್ನು ಎತ್ತಿ ಅಡುಗೆಮನೆಗೆ ಒಯ್ದೆ.

ಸಂಜೆ ಮಳೆ ಬಿಟ್ಟು ಹೊಳವಾಯಿತು. ನಮ್ಮ ಅಂಗಳ ಓಣಿಯಲ್ಲೇ ಅತ್ಯಂತ ನಿರ್ಮಲವಾಗಿ ಥಳಥಳಿಸುತ್ತಿತ್ತು. ಒಂದಿಷ್ಟೂ ಪರಿಮಳವಿಲ್ಲ, ಅದೆಲ್ಲ ಊಟಕ್ಕೆ ಬಂದು ಹೋಗಿತ್ತು. ಅರ್ಧ ಉಳಿದ ಬಾಟಲಿಯನ್ನು ಕೈಯಲ್ಲಿ ಹಿಡಿದು ಎಲ್ಲಿ ಚೆಲ್ಲಲೆಂದು ತಿಳಿಯದೆ ನಿಂತಿದ್ದೆ. ಎಲ್ಲಿ ಚೆಲ್ಲಿದರೂ ಅದು ಹೋಗುವ ದಾರಿ ಒಂದೇ ಎಂಬುದು ನನಗೆ ಇಷ್ಟು ವರ್ಷ ಗೊತ್ತಿದ್ದೂ ಗೊತ್ತಿರಲಿಲ್ಲ. ಕಾಂಪೌಂಡಿನಾಚೆ ಶಾರದಕ್ಕ ಬಟ್ಟೆ ನೆನೆಸಿದ ಸಾಬೂನು ನೀರಿನ ಬಕೆಟ್ ಹಿಡಿದು ಬಂದರು. ಅತ್ತೆ ಉಣ್ಣದೆ ಎದ್ದ ಕಥೆಯನ್ನು, ಮೀನು ಎಲ್ಲಿಯದೆಂಬುದನ್ನು, ಬಾಟಲಿಯ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ.

"ತೋಡಿನ್ ಮೀನ್ ಯಾರಾರೂ ತಿಂತ್ರಾ ಮಾರಾಯ್ತಿ" ಎಂದು ಅವರು ಬಕೆಟನ್ನು ತೋಡಿಗೆ ಬಗ್ಗಿಸಿದರು. "ನಾವಂತೂ ಹೊಳಿ ಮೀನ್ ಬಿಟ್ರೆ ಬೇರೆ ಎಂತದೂ ಮುಟ್ಟುದಿಲ್ಲೆ."