ದೊಡ್ಡವ್ವನ ಸಣ್ಣ ಚೌಕಳಿ

ಅವ್ವ ತೀರಿಕೊಂಡಾಗ ಮನೆಯಲ್ಲಿ ಅವಳ ಒಂದೂ ಒಳ್ಳೆಯ ಫೋಟೊ ಇರಲಿಲ್ಲ. ಸ್ಟುಡಿಯೊದವರು ಆಧಾರ್ ಕಾರ್ಡಿನ ಮುಖ ಕತ್ತರಿಸಿ, ತಮ್ಮಲ್ಲಿ ಸಿದ್ಧವಿದ್ದ ಯಾರದೋ ರೇಷ್ಮೆ ಸೀರೆಯ ಮೈಗೆ ಅಂಟಿಸಿ ಕೊಟ್ಟರು. ನಮ್ಮ ಕಡೆ ಎಷ್ಟೋ ಗೋಡೆಗಳ ಮೇಲೆ ಅದೇ ಸೀರೆ ಇದೆ. ಅವ್ವನ ಅಕ್ಕ, ನನ್ನ ದೊಡ್ಡವ್ವ, ಅದನ್ನು ನೋಡಿ "ಮಾರಿ ಅಷ್ಟ ನಮ್ಮಾಕಿದು" ಎಂದು ಮುಖ ತಿರುಗಿಸಿದ್ದಳು. ಈಗ ಅವ್ವನನ್ನು ನೆನೆದರೆ ಆ ನೇರಳೆ ರೇಷ್ಮೆಯೇ ನನ್ನ ಕಣ್ಣೆದುರು ಬರುತ್ತದೆ. ಅವಳು ನಿಜವಾಗಿ ಏನು ಉಡುತ್ತಿದ್ದಳೋ, ಖಚಿತವಾಗಿ ಹೇಳಲಾರೆ.

ತನ್ನ ಫೋಟೊ ಬದುಕಿದ್ದಾಗಲೇ ಆಗಬೇಕೆಂದು ದೊಡ್ಡವ್ವ ಹಟ ಹಿಡಿದಳು. ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಮಾಡುವ ನಾನು ಹವ್ಯಾಸಕ್ಕೆಂದು ಒಳ್ಳೆಯ ಕ್ಯಾಮೆರಾ ಕೊಂಡಿದ್ದೆ. ಒಂದು ಭಾನುವಾರ ಸಿಂದಗಿಯ ಅವಳ ಮನೆಗೆ ಹೋದೆ. ಹಳೆಯ ನೂಲಿನ ಇಳಕಲ್ ಸೀರೆ ಉಟ್ಟು ಅವಳು ಕಟ್ಟೆಯ ಮೇಲೆ ಕೂತಿದ್ದಳು. ದೂರದಿಂದ ಒಂದೇ ಬಣ್ಣದಂತೆ ಕಾಣುವ, ಹತ್ತಿರ ಹೋದರೆ ಮಾತ್ರ ತೋರುವ ಸಣ್ಣ ಚೌಕಳಿ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಸೀರೆಯ ತುಂಬ ಹಸಿರು, ಗುಲಾಬಿ ಅಲೆಗಳು. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದರೆ ಇಲ್ಲದ ಸುಳಿಗಳು ಕಾಣುತ್ತವಲ್ಲ, ಹಾಗೆ. ಬಟ್ಟೆಯ ಎಳೆಗಳಿಗೂ ಕ್ಯಾಮೆರಾದೊಳಗಿನ ಚುಕ್ಕೆಗಳ ಸಾಲಿಗೂ ತಾಳೆಯಾಗದಿದ್ದರೆ ಇದು ಹುಟ್ಟುತ್ತದೆ, ಮೊಯ್ರೆ ಎನ್ನುತ್ತಾರೆ. ನಾನು ಬಣ್ಣ ತೆಗೆದೆ, ಅಲೆ ಅಳಿಸಿದೆ, ನುಣುಪು ಮಾಡಿದೆ. ಚೌಕಳಿಯೂ ಹೋಯಿತು. ಮುಖ ಚೆನ್ನಾಗಿ ಬಂದಿತ್ತು, ಅಷ್ಟು ಸಾಕೆಂದುಕೊಂಡು ಪ್ರಿಂಟ್ ಹಾಕಿಸಿ, ಕ್ಯಾಮೆರಾದ ಜೊತೆಗೇ ಸಿಂದಗಿಗೆ ಒಯ್ದೆ.

ಫೋಟೊ ಬರುವ ದಿನವೆಂದು ಅದೇ ಸೀರೆ ಉಟ್ಟಿದ್ದ ದೊಡ್ಡವ್ವ ಮೂಗಿನ ಮೇಲೆ ಚಾಳೀಸು ಏರಿಸಿ ನೋಡಿದಳು.

"ಇದು ಯಾರ ಸೀರಿ?"

"ನಿಂದ, ದೊಡ್ಡವ್ವಾ."

"ಚೌಕಳಿ ಎಲ್ಲಿ ಹೋದ್ವು? ಇಸ್ತ್ರಿ ಮಾಡಿ ಅಳಿಸಿದೇನ?"

ಕ್ಯಾಮೆರಾದ ತೊಂದರೆ ವಿವರಿಸಿದೆ. ಸಾದಾ ಸೀರೆ ಉಟ್ಟರೆ ಸುಲಭ ಎಂದೆ.

"ನಿನ್ನ ಕ್ಯಾಮೆರಾಕ್ಕ ಕಣ್ಣ ಮಂಜಾಗಿದ್ರ ಡಾಕ್ಟರ್ಗೆ ತೋರ್ಸು. ಇದು ನಿಮ್ಮವ್ವನ ಸೀರಿ. ಆಕಿದು ಒಂದರ ಖರೇದು ಗ್ವಾಡಿ ಮ್ಯಾಲ ಇರ್ಲಿ ಅಂತ ಉಟಗೊಂಡೇನಿ. ಇಷ್ಟ ಓದಿ ಗುರ್ತ ಹಿಡೀಲಿಲ್ಲಲ್ಲೋ."

ನಾನು ಗುರುತು ಹಿಡಿದಿರಲಿಲ್ಲ. ಸ್ಟುಡಿಯೊದವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದ ನಾನೂ ಅವರದೇ ಕೆಲಸ ಮಾಡಿದ್ದೆ.

"ಮತ್ತೊಮ್ಮಿ ತಗೀತೇನಿ," ಎಂದೆ.

"ತಗಿ. ನಾ ಸೀರಿ ಬದಲ್ ಮಾಡಂಗಿಲ್ಲ, ನೀ ಸರದ ನಿಂದ್ರು."

ನಿಜವಾದ ಉಪಾಯವೂ ಅದೇ ಆಗಿತ್ತು: ಹತ್ತಿರವಾದಷ್ಟೂ ಎಳೆಗಳು ಬಿಡಿಬಿಡಿಯಾಗಿ ಕಂಡು ಅಲೆ ಹೋಗುತ್ತದೆ. ಎರಡು ಹೆಜ್ಜೆ ಮುಂದೆ ಹೋದೆ. ಕ್ಯಾಮೆರಾದ ಪುಟ್ಟ ಪರದೆಯೂ ಸುಳ್ಳು ಅಲೆ ತೋರಿಸುತ್ತದೆಂದು ಪ್ರತಿ ಚಿತ್ರವನ್ನೂ ಪೂರ್ತಿ ದೊಡ್ಡದು ಮಾಡಿ ನೋಡಿದೆ. ಎದೆಯ ಮೇಲಿನ ಚೌಕಳಿ ಸ್ವಚ್ಛವಾಯಿತು, ಹೆಗಲ ಮೇಲಿನದು ಆಗಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟೆ. ಅವಳನ್ನು ತುಸು ಎಡಕ್ಕೆ ತಿರುಗಿಸಿದೆ.

"ಕಾಲೇಜಿನ ಹುಡುಗೂರ್ನೂ ಹಿಂಗ ತಿರುಗಿಸ್ತೀಯೇನ?"

"ಅವ್ರು ನಿನ್ನಷ್ಟ ಬೈಯಂಗಿಲ್ಲ."

ನಕ್ಕಳು, ಆ ಚಿತ್ರ ಅಲುಗಾಡಿತು. ಬಿಸಿಲು ಕಟ್ಟೆಯಿಂದ ಇಳಿಯಿತು. ಹೆಗಲ ಮಡಿಕೆಯಲ್ಲಿ ಒಂದು ಗುಲಾಬಿ ಅಲೆ ಮಾತ್ರ ಉಳಿಯಿತು. ಅಷ್ಟನ್ನು ಕಂಪ್ಯೂಟರಿನಲ್ಲಿ ಒರೆಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒರೆಸಲಿಲ್ಲ. ಪರದೆಯನ್ನು ಅವಳಿಗೇ ತೋರಿಸಿದೆ. ಅವಳು ಸೆರಗನ್ನು ಬಿಗಿಯಾಗಿ ಎಳೆದು ಮಡಿಕೆ ಬಿಡಿಸಿಕೊಂಡು "ಈಗ ಹೊಡಿ" ಎಂದಳು. ಅಲ್ಲಿಯ ಚೌಕಳಿಯೂ ಬಂತು.

ನನ್ನ ನೆನಪಿನ ಬಗ್ಗೆ ನನಗೆ ಇನ್ನೂ ನಂಬಿಕೆ ಸಾಲದು. ಹೊರಡುವ ಮುನ್ನ ಅವಳ ಪಕ್ಕ ಕೂತು, ಸೆರಗಿನ ತುದಿ ಕೈಯಲ್ಲಿ ಹಿಡಿದುಕೊಂಡೇ ಡೈರಿಯಲ್ಲಿ ಬರೆದೆ: ಅವ್ವನ ಸೀರೆ. ಕಪ್ಪು ಎಳೆ, ಕೆಂಪು ಎಳೆ. ಚೌಕಳಿ ಅಕ್ಕಿಕಾಳಿಗಿಂತ ಸಣ್ಣದು. ದಡಿ ಕೆಂಪು, ಒಂದು ಕಡೆ ಹೊಲಿಗೆ ಹಾಕಿದೆ.