ಕಮಲಾಕ್ಷಮ್ಮ ಹಚ್ಚದೆ ಬಿಟ್ಟ ದೀಪ

ಚೌಳಹಿರಿಯೂರಿನ ಕಮಲಾಕ್ಷಮ್ಮನಿಗೆ ಮುಟ್ಟು ನಿಂತು ವರ್ಷಗಳೇ ಕಳೆದಿದ್ದವು. ಹಾಗಾಗಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕೆಂಪು ಕಂಡಾಗ ಮೊದಲು ಆದದ್ದು ಭಯವಲ್ಲ, ನಾಚಿಕೆ. ಅಜ್ಜಿಯಾದ ಮೇಲೆ ಹೊರಗಾಗುವುದೆಂದರೇನು! ಊರವರಿಗೆ ಗೊತ್ತಾದರೆ ನಗದೆ ಬಿಟ್ಟಾರೆಯೇ?

ಮುಟ್ಟಾದವಳು ದೇವರ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಮದುವೆಯಾಗಿ ಬಂದ ದಿನದಿಂದ ಆ ಮನೆಯ ಸಂಜೆ ದೀಪ ಅವಳದೇ. "ಮೊಣಕಾಲು ಹಿಡ್ಕೊಂಡದೆ ಕಣೇ, ಇವತ್ತು ನೀನೇ ಹಚ್ಚು" ಎಂದು ಸೊಸೆ ಶರ್ಮಿಳಾಗೆ ಹೇಳಿ ಅಂಗಳದಲ್ಲೇ ಕುಳಿತಳು. ಎರಡು ದಿನಕ್ಕೆ ನಿಂತಿತು. ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ನೋವಿಲ್ಲ, ಉರಿಯಿಲ್ಲ, ಮರೆತೂಬಿಟ್ಟಳು. ಯುಗಾದಿ ಕಳೆದ ಮೇಲೆ ಮತ್ತೆ ಬಂತು. ಮತ್ತೆ ಅದೇ ಮೊಣಕಾಲು.

ಗೌರಿ ಹಬ್ಬದ ದಿನವೂ ಅತ್ತೆ ಹೊರಗೇ ಕುಳಿತಾಗ ಶರ್ಮಿಳಾ ಬಿಡಲಿಲ್ಲ.

"ಅದೇನತ್ತೆ, ನಿಮ್ಮ ಮೊಣಕಾಲು ತೋಟಕ್ಕೋಯ್ತದೆ, ಡೈರಿಗೋಯ್ತದೆ, ದೇವ್ರ ಮನೆಗೆ ಮಾತ್ರ ಬರಲ್ಲ ಅಂತದಾ?"

"ಮೆಲ್ಲಗೆ ಮಾತಾಡೇ. ಹೊರಗಾಗಿದೀನಿ."

"ಈ ವಯಸ್ಸಲ್ಲಾ? ಕೂರ್ಸಿ ಆರತಿ ಮಾಡ್ಬೇಕೇನೋ ನಿಮಗೆ!" ಶರ್ಮಿಳಾ ನಗುತ್ತಲೇ ಹಳೇ ಬಟ್ಟೆ ತರಲು ಎದ್ದಳು.

"ಬಟ್ಟೆ ಗಿಟ್ಟೆ ಬ್ಯಾಡ ಕಣೇ. ಬಟ್ಟೆಗೇನೂ ಆಗಲ್ಲ. ಉಚ್ಚೆಗೆ ಕೂತಾಗ ಮಾತ್ರ ಕೆಂಪಗೆ ಹೋಯ್ತದೆ."

ಶರ್ಮಿಳಾಳ ನಗು ಅಲ್ಲೇ ನಿಂತಿತು.

ಕಡೂರಿನ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ ನೋಡಿದರು. "ಇದು ಮುಟ್ಟಲ್ಲಮ್ಮ, ಮೂತ್ರದಲ್ಲಿ ಬರ್ತಿರೋ ರಕ್ತ. ಕಲ್ಲಿದ್ರೂ ಬರುತ್ತೆ, ಸೋಂಕಾದ್ರೂ ಬರುತ್ತೆ. ಅವಕ್ಕೆ ಸಾಮಾನ್ಯವಾಗಿ ನೋವೋ ಉರಿಯೋ ಇರುತ್ತೆ. ನೋವಿಲ್ದೆ ಬಂದ್ರೆ ಸುಮ್ನೆ ಕೂರ್ಲೇಬಾರ್ದು. ನಿಮ್ಮ ಮೂತ್ರಚೀಲದಲ್ಲಿ ಗಡ್ಡೆ ಇದೆ."

ಅದು ಕ್ಯಾನ್ಸರ್ ಎಂದೂ, ಚೀಲ ದಾಟಿ ಹಬ್ಬಿದೆ ಎಂದೂ ಗೊತ್ತಾದದ್ದು ಶಿವಮೊಗ್ಗದಲ್ಲಿ. "ಮೊದಲ ಸಲ ಕಂಡಾಗಲೇ ಬಂದಿದ್ರೆ..." ಎನ್ನುತ್ತ ಅಲ್ಲಿನ ಡಾಕ್ಟರು ರಿಪೋರ್ಟು ಮಡಚಿಟ್ಟರು.

ವಾಪಸು ಬರುವಾಗ ಬಸ್ಸು ತರೀಕೆರೆ ದಾಟುವವರೆಗೂ ಕಮಲಾಕ್ಷಮ್ಮ ಕಿಟಕಿಯಾಚೆಯೇ ನೋಡುತ್ತಿದ್ದಳು.

"ಹಂಗಾದ್ರೆ ಅದು ಮುಟ್ಟಲ್ವೇನೇ?"

"ಅಲ್ಲ ಅತ್ತೆ."

"ಗೌರಿ ಹಬ್ಬಕ್ಕೂ ನಾನೇ ದೀಪ ಹಚ್ಬೋದಾಗಿತ್ತಲ್ಲೇ."

ಶರ್ಮಿಳಾ ಸೆರಗನ್ನು ಬಾಯಿಗೊತ್ತಿಕೊಂಡು ಮುಖ ತಿರುಗಿಸಿದಳು.

ಆಮೇಲೆ ಕಮಲಾಕ್ಷಮ್ಮ ಒಂದು ಸಂಜೆಯೂ ದೀಪ ತಪ್ಪಿಸಲಿಲ್ಲ, ಕೆಂಪು ಕಂಡ ದಿನವೂ. ಕಡೆಕಡೆಗೆ ಎದ್ದು ನಿಲ್ಲಲಾಗದೆ ಹೋದಾಗ ಶರ್ಮಿಳಾ ದೀಪವನ್ನೇ ಮಂಚದ ಬಳಿ ತರುತ್ತಿದ್ದಳು. ಬತ್ತಿ ಮುಟ್ಟುವಷ್ಟರಲ್ಲಿ ನಡುಗುವ ಕೈಯಲ್ಲೇ ಕಡ್ಡಿ ಆರಿಹೋಗುತ್ತಿತ್ತು. ಸೊಸೆ ಕೈ ಚಾಚಿದರೆ ಕೊಡುತ್ತಿರಲಿಲ್ಲ.

"ಬಿಡೇ, ನಂದು" ಎಂದು ಇನ್ನೊಂದು ಕಡ್ಡಿ ಗೀರುತ್ತಿದ್ದಳು.